ಗಾಜಕ್ಕನೂ ದಿಢೀರನೂ

ರಸಾಯನಶಾಸ್ತ್ರ ವಿಭಾಗದ ಹಿಂದೆ, ಸೈಕಲ್ ನಿಲ್ಲಿಸುವ ಜಾಗ ದಾಟಿದರೆ, ತಗಡಿನ ಬಾಗಿಲಿನ ಒಂದು ಕೋಣೆ ಸಿಗುತ್ತದೆ. ಡಾಕ್ಟರೇಟ್ ಪಡೆದ ದೊಡ್ಡ ದೊಡ್ಡವರು ಆ ಬಾಗಿಲ ಮುಂದೆ ಕೈಯಲ್ಲಿ ಕಾಗದ ಹಿಡಿದು, ಮಾತಿಲ್ಲದೆ, ತಮ್ಮ ಸರದಿಗಾಗಿ ನಿಲ್ಲುತ್ತಾರೆ. ಒಳಗೆ ಕೂತಿರುವಾಕೆ ಓದಿದ್ದು ಏಳನೇ ತರಗತಿ. ಇವರು ಕೊಟ್ಟ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಸರ್, ಇದನ್ನ ಕಾಗದದ ಮೇಲೆ ಯಾರು ಬೇಕಾದ್ರೂ ಊದಬಹುದು. ಗಾಜು ಒಪ್ಪಬೇಕಲ್ಲ?" ಎಂದು ವಾಪಸು ಕೊಡುತ್ತಾಳೆ. ಅವರು ತಲೆ ಕೆರೆದುಕೊಂಡು ಬೇರೆ ಚಿತ್ರ ಬರೆದು ತರುತ್ತಾರೆ.

ಆಕೆ ಗಾಜು ಊದುವವಳು. ಪ್ರಯೋಗಾಲಯದ ಕೊಳವೆ, ಬುರುಡೆ, ಸುರುಳಿಗಳು ಒಡೆದರೆ ಬೆಸೆಯುವುದು, ಅಂಗಡಿಯಲ್ಲಿ ಸಿಗದ್ದನ್ನು ಹೊಸದಾಗಿ ಮಾಡುವುದು, ಇದು ಕೆಲಸ. ಮೂವತ್ತು ದಾಟದ ಕಾಲದಲ್ಲಿ ಹುಡುಗರು ಗಾಜಕ್ಕ ಎಂದು ಹೆಸರಿಟ್ಟರು. ಈಗ ಐವತ್ತೇಳು. ಯಾರೋ ಹೊಸಬ ಒಮ್ಮೆ ಗಾಜಜ್ಜಿ ಎಂದು ಕರೆದನಂತೆ. ಅವನ ಬುರುಡೆ ಎರಡು ತಿಂಗಳು ರಿಪೇರಿಯಾಗಲಿಲ್ಲ.

ಕಾಲೇಜಿಗೆ ಬಂದದ್ದು ಪಾತ್ರೆ ತೊಳೆಯುವ ಕೆಲಸಕ್ಕೆ, ಇಪ್ಪತ್ತನೇ ವಯಸ್ಸಿನಲ್ಲಿ. ತೊಳೆದ ಪ್ರತಿ ಗಾಜನ್ನೂ ಉಗುರಿನಿಂದ ಮೀಟಿ, ಕಿವಿಗೊಟ್ಟು, ಆಮೇಲೆ ಕಪಾಟಿಗೆ ಇಡುವ ಅಭ್ಯಾಸವಿತ್ತು. ಬಿರುಕು ಕಣ್ಣಿಗೆ ಕಾಣುವ ಮೊದಲೇ ಅವಳ ಕಿವಿಗೆ ಗೊತ್ತಾಗುತ್ತಿತ್ತು. ಆಗ ಗಾಜು ಊದುತ್ತಿದ್ದ ಮುದುಕ ಮೇಸ್ತ್ರಿ ಇದನ್ನು ನಾಲ್ಕು ದಿನ ನೋಡಿದರು. ಐದನೇ ದಿನ, "ಪಾತ್ರೆ ತೊಳೆದಿದ್ದು ಸಾಕು, ಒಳಗೆ ಬಾ" ಎಂದರು. ಒಳಗೆ ಬಂದವಳು ಹನ್ನೊಂದು ವರ್ಷ ಅವರ ಪಕ್ಕದ ಸ್ಟೂಲಿನಲ್ಲಿ ಕೂತು ಕಲಿತಳು.

ಆಕೆ ಕೆಲಸ ಮಾಡುವುದನ್ನು ನೋಡಬೇಕು. ನಸುನೇರಳೆ ಕನ್ನಡಕ ಏರಿಸಿ, ಸಣ್ಣ ರಬ್ಬರ್ ಕೊಳವೆಯನ್ನು ಹಲ್ಲಲ್ಲಿ ಕಚ್ಚಿ, ಎರಡೂ ಕೈಗಳಲ್ಲಿ ಗಾಜನ್ನು ಒಂದೇ ವೇಗದಲ್ಲಿ ಉರುಳಿಸುತ್ತಾ ಜ್ವಾಲೆಗೆ ಹಿಡಿಯುತ್ತಾಳೆ. ಕಲ್ಲಿನಂತಿದ್ದ ಗಾಜು ಕೆಂಪಾಗಿ, ಕಿತ್ತಳೆಯಾಗಿ, ಜೇನಿನಂತೆ ಜಗ್ಗತೊಡಗುತ್ತದೆ. ಆಗ ಒಂದೇ ಒಂದು ಉಸಿರು. ಅಲ್ಲಿ ಏನೂ ಇಲ್ಲದ ಕಡೆ ಒಂದು ಗುಂಡು ಬುರುಡೆ ಹುಟ್ಟಿ ನಿಲ್ಲುತ್ತದೆ. ಇದನ್ನು ನೂರು ಸಲ ನೋಡಿದವರೂ ನೂರಾ ಒಂದನೇ ಸಲ ಬಾಯಿ ತೆರೆದುಕೊಂಡೇ ನೋಡುತ್ತಾರೆ.

ಮುದುಕ ಮೇಸ್ತ್ರಿ ಕಲಿಸಿದ ಒಂದು ಪದ್ಧತಿಯನ್ನು ಆಕೆ ಮೂವತ್ತು ಚಿಲ್ಲರೆ ವರ್ಷ ತಪ್ಪಿಸಿರಲಿಲ್ಲ. ಬೆಂಕಿ ಹಚ್ಚುವ ಮೊದಲು ಪೆನ್ಸಿಲಿಗಿಂತ ತೆಳುವಾದ ಒಂದು ಗಾಜಿನ ಕಡ್ಡಿಯನ್ನು ಎರಡೂ ಕೈಗಳ ಬೆರಳಲ್ಲಿ ಉರುಳಿಸುತ್ತಾ ನೂರು ಎಣಿಸಬೇಕು. ಕಡ್ಡಿಯ ತುದಿ ಅಲ್ಲಾಡದೆ ನಿಂತರೆ ಕೈ ಬಂದಿದೆ ಎಂದು ಲೆಕ್ಕ. ತುದಿ ಗಾಳಿಯಲ್ಲಿ ಸೊನ್ನೆ ಬರೆದರೆ ಕೈ ಬಂದಿಲ್ಲ. ಅಂದು ಬೆಂಕಿ ಇಲ್ಲ, ಗುಡಿಸು, ಒರೆಸು, ಮನೆಗೆ ಹೋಗು. ಗಂಡ ತೀರಿಕೊಂಡ ಮೇಲೆ ಆಕೆಯ ಕೈ ಹದಿನೇಳು ದಿನ ಬಂದಿರಲಿಲ್ಲ. ಹದಿನೇಳು ದಿನವೂ ಆಕೆ ಕೋಣೆ ಗುಡಿಸಿ ಮನೆಗೆ ಹೋದಳು. ಕೈ ಯಾಕೆ ಬಂದಿಲ್ಲ ಎಂದು ಮೇಸ್ತ್ರಿ ಯಾರನ್ನೂ ಕೇಳುತ್ತಿರಲಿಲ್ಲ. ಆಕೆಯೂ ಕೇಳುವುದಿಲ್ಲ.

ಇಂಥವಳ ಪಾಲಿಗೆ ಬಂದವನು ದಿಢೀರ್. ಎರಡನೇ ವರ್ಷದ ಹುಡುಗ, ಹಾಸ್ಟೆಲ್‌ನವನು. ತಲೆಗೆ ಬಂದದ್ದು ಕೈಗೆ ಬರಲು ಅವನಿಗೆ ಒಂದು ಕ್ಷಣವೂ ಬೇಡ, ಅದಕ್ಕೇ ಆ ಹೆಸರು. ಯಾರೋ ಆಗಲ್ಲ ಎಂದರು ಅಂತ ಗ್ರಂಥಾಲಯದ ಮೊದಲ ಮಹಡಿಯಿಂದ ಹಾರಿದವನು. ಪರೀಕ್ಷೆಯ ಕೊಠಡಿಯಿಂದ ಅರ್ಧಕ್ಕೆ ಎದ್ದು ಬಂದು, ಯಾಕೋ ಎಂದರೆ "ಗೊತ್ತಿಲ್ಲ, ಎದ್ದೆ" ಎಂದವನು. ಇದರ ಮೇಲೆ ಕುಡಿತ. ಬೇರೆ ಹುಡುಗರು ಗೆದ್ದರೆಂದು, ಸೋತರೆಂದು, ಶನಿವಾರವೆಂದು ಕುಡಿದರೆ, ಇವನು ಯಾರೊಂದಿಗೂ ಸೇರದೆ, ಔಷಧಿ ಕುಡಿದಂತೆ ಗಟಗಟ ಕುಡಿಯುತ್ತಿದ್ದ. ನೋಡಿದ ಗೆಳೆಯರಿಗೆ ಮೊದಮೊದಲು ನಗು ಬರುತ್ತಿತ್ತು. ಆಮೇಲೆ ನಗು ನಿಂತಿತು.

ಒಂದು ಮಧ್ಯಾಹ್ನ ಹಾಗೆಯೇ ಕುಡಿದು ಪ್ರಯೋಗಾಲಯಕ್ಕೆ ಬಂದ. ಗೋಡೆಯ ಸ್ಟ್ಯಾಂಡಿನಲ್ಲಿ, ಬೆರೆತ ದ್ರವಗಳನ್ನು ಕುದಿಸಿ ಬೇರೆ ಮಾಡುವ, ಮೂರಡಿ ಉದ್ದದ ಗಾಜಿನ ಕಂಬವೊಂದಿತ್ತು. ಒಳಗೆಲ್ಲ ಮುಳ್ಳು ಮುಳ್ಳಾಗಿ ಚಾಚಿದ ಗಾಜು. ಗಾಜಕ್ಕ ಒಂಬತ್ತು ದಿನ ಕೂತು ಮಾಡಿದ್ದು. ಅದನ್ನು ಹೆಗಲ ಮೇಲೆ ಬಂದೂಕಿನಂತೆ ಇಟ್ಟುಕೊಂಡು ಕವಾಯತು ಮಾಡಿ ತೋರಿಸುತ್ತೇನೆಂದು ಹೊರಟ. ಎಡಕ್ಕೆ ತಿರುಗಿದ. ಅಷ್ಟೇ, ಮೂರಡಿ ಗಾಜು ಮೂರು ಸಾವಿರ ಚೂರು.

ಅದು ಅವನ ಮೇಲಿನ ಮೂರನೇ ದೂರು. ವಿಭಾಗದ ಮುಖ್ಯಸ್ಥರು ಹೆಸರು ತೆಗೆದುಹಾಕುವುದೆಂದೇ ಕೂತಿದ್ದರು. ಗಾಜಕ್ಕನನ್ನು ಸಾಕ್ಷಿ ಹೇಳಲು ಕರೆಸಿದರು. ಆಕೆ ಹುಡುಗನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ಇವನನ್ನ ಓಡಿಸಿದ್ರೆ ನನ್ನ ಕಂಬ ಎದ್ದು ನಿಲ್ಲುತ್ತಾ ಸರ್? ಒಂಬತ್ತು ದಿನ ಅಂದ್ರೆ ಎಷ್ಟು ಅಂತ ಇವನಿಗೆ ಗೊತ್ತಾಗ್ಬೇಕು. ದಿನಾ ಬೆಳಿಗ್ಗೆ ಒಂಬತ್ತಕ್ಕೆ ನನ್ನ ಕೋಣೆಗೆ ಕಳಿಸಿ."

ಇದರಲ್ಲಿ ಕರುಣೆ ಗಿರುಣೆ ಏನೂ ಇರಲಿಲ್ಲ. ಆಕೆಗೆ ಹೊಟ್ಟೆ ಉರಿದಿತ್ತು. ಮುಖ್ಯಸ್ಥರು ಒಪ್ಪಿದರು, ಆದರೆ ಬರೆದು ಸಹಿ ಹಾಕಿಸಿಕೊಂಡರು: ಇನ್ನೊಂದು ಸಲ ಕುಡಿದದ್ದು ಗೊತ್ತಾದರೆ ವಿಚಾರಣೆಯಿಲ್ಲ, ಸಭೆಯಿಲ್ಲ, ನೇರ ಮನೆಗೆ.

ಮೊದಲ ದಿನ ಆಕೆ ಬೆಂಕಿ ಹಚ್ಚಿದಳು. ಅನಿಲದ ಒಲೆ 'ಬುಸ್' ಎಂದು ಹತ್ತಿಕೊಂಡಿತು. ತಿರುಗಿ ನೋಡಿದರೆ ಹುಡುಗ ಇಲ್ಲ. ಸೈಕಲ್‌ಗಳ ನಡುವೆ ಕುಕ್ಕರಗಾಲಲ್ಲಿ ಕೂತು, ಅಂಗಿಯೆಲ್ಲ ಬೆವರಿಗೆ ತೊಯ್ದು ತೊಪ್ಪೆಯಾಗಿ, ನಡುಗುತ್ತಿದ್ದ. ಕಳ್ಳಾಟ ಎಂದುಕೊಂಡು ಬೈಯಲು ಹೋದವಳು ಅವನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. ಅಂಥ ಹೆದರಿಕೆಯನ್ನು ನಟಿಸಲು ಯಾರಿಂದಲೂ ಆಗದು.

ಮರುದಿನ ಬರಲಾರ ಎಂದುಕೊಂಡಿದ್ದಳು. ಬಂದ! ಹೊಸ್ತಿಲಾಚೆ ನಿಂತು ನೋಡಿದ. ಅದರ ಮರುದಿನ ಹೊಸ್ತಿಲೊಳಗೆ. ಗೋಡೆಗೆ ಬೆನ್ನು ಹಚ್ಚಿ, ಹಲ್ಲು ಕಚ್ಚಿ, ದಿನಕ್ಕೆ ಒಂದೊಂದೇ ಹೆಜ್ಜೆ. ಹತ್ತು ದಿನ ಬೇಕಾಯಿತು ಅವನಿಗೆ ಆ ಒಲೆಯ ಪಕ್ಕಕ್ಕೆ ಬರಲು. ಎಲ್ಲವನ್ನೂ ದಡಬಡ ಮಾಡುವ ಹುಡುಗ ಹತ್ತಡಿ ದೂರವನ್ನು ಹತ್ತು ದಿನ ನಡೆದದ್ದನ್ನು ನೋಡಿ ಗಾಜಕ್ಕನ ಹೊಟ್ಟೆಯುರಿ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ.

ಒಲೆಯ ಹತ್ತಿರ ಬಂದ ದಿನವೇ ಈ ಕಸುಬಿಗೆ ಬಂದವರೆಲ್ಲ ಒಮ್ಮೆ ಮಾಡುವ ತಪ್ಪನ್ನು ಅವನೂ ಮಾಡಿದ. ಕಬ್ಬಿಣ ಕಾದರೆ ಸ್ವಲ್ಪ ಹೊತ್ತು ಬಣ್ಣವಾದರೂ ಹೇಳುತ್ತದೆ. ಗಾಜು ಬಣ್ಣ ಆರಿದ ಮೇಲೂ ಬಹಳ ಹೊತ್ತು ಕೆಂಡದಷ್ಟೇ ಬಿಸಿಯಿರುತ್ತದೆ, ನೋಡಲು ಮಾತ್ರ ತಣ್ಣಗಿನ ಗಾಜಿನ ಹಾಗೇ ಇರುತ್ತದೆ. ಮೇಜಿನ ಮೇಲೆ ಒಂದು ಕೊಳವೆ ಉರುಳಿತು. ದಿಢೀರ್ ದಿಢೀರನೆ ಹಿಡಿದ. ಕೂಗಲಿಲ್ಲ. ಹಿಡಿದದ್ದನ್ನು ಮೆಲ್ಲಗೆ ಕೆಳಗಿಟ್ಟ. ಗಾಜಕ್ಕ ಅವನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ಹಿಡಿಸಿದಳು.

"ಹಾಗೇ ಇಡು. ಕಾಲು ಗಂಟೆ ಅಲ್ಲಾಡಬೇಡ."

ನೀರು ಸುರಿಯುತ್ತಿತ್ತು. ಹುಡುಗ ನೀರನ್ನೇ ನೋಡುತ್ತಾ, ಯಾರೂ ಕೇಳದೆ, ಹೇಳತೊಡಗಿದ.

"ನೀರೇ ಅಕ್ಕಾ ನಾನು ಹಾಕಿದ್ದು. ಹದಿಮೂರು ವರ್ಷ ನಂಗೆ. ಅಮ್ಮ ಬಾಣಲೆ ಇಟ್ಟಿದ್ಲು, ಎಣ್ಣೆಗೆ ಬೆಂಕಿ ಹತ್ಕೊಳ್ತು. ಅಮ್ಮ 'ತಡಿಯೋ' ಅಂದ್ಲು. ನಾನು ತಡೀಲಿಲ್ಲ. ಒಂದು ಬಿಂದಿಗೆ ನೀರು ಎತ್ತಿ ಬಾಣಲೆಗೆ ಸುರಿದೆ. ಎಣ್ಣೆ ಬೆಂಕಿಗೆ ನೀರು ಹಾಕಿದ್ರೆ ಏನಾಗುತ್ತೆ ಅಂತ ಈಗ ಓದಿದ್ದೀನಿ. ಬೆಂಕಿ ಎದ್ದು ಅಮ್ಮನ ಮೇಲೆ ಬಂತು. ಅಲ್ಲಿಂದ ಮುಂದೆ ನಂಗೆ ಏನೂ ನೆನಪಿಲ್ಲ."

"ಅಮ್ಮ?"

"ಇದಾಳೆ. ಮುಖ ಒಂದು ಕಡೆ ಇಲ್ಲ. ಭಾನುವಾರ ಭಾನುವಾರ ಫೋನ್ ಮಾಡ್ತಾಳೆ. ನಾನು ಎತ್ತಲ್ಲ."

ಪಾಪ, ನಿನ್ನ ತಪ್ಪಲ್ಲ ಮಗು, ಚಿಕ್ಕವನಿದ್ದೆ, ಎಂಬ ಮಾತುಗಳೆಲ್ಲ ಗಾಜಕ್ಕನ ನಾಲಿಗೆಯ ತುದಿಗೆ ಬಂದವು. ಇವನ್ನು ಇವನಿಗೆ ಆರು ವರ್ಷದಿಂದ ಎಲ್ಲರೂ ಹೇಳಿರುತ್ತಾರೆ, ಕೇಳಿ ಕೇಳಿ ಇವನಿಗೆ ಸಾಕಾಗಿರುತ್ತದೆ ಅನ್ನಿಸಿತು. "ಇನ್ನೂ ಐದು ನಿಮಿಷ ಇದೆ, ಕೈ ತೆಗೀಬೇಡ" ಎಂದಷ್ಟೇ ಹೇಳಿ ಪಕ್ಕದಲ್ಲಿ ನಿಂತಳು.

ಕೈ ವಾಸಿಯಾದ ಮೇಲೆ ಅವನಿಗೆ ಕಡ್ಡಿ ಕೊಟ್ಟಳು. ಮೊದಲ ತಿಂಗಳು ತುದಿ ಬರೆದ ಸೊನ್ನೆಗಳಿಗೆ ಲೆಕ್ಕವಿಲ್ಲ. ಬಾಯಲ್ಲಿ ವಾಸನೆ ಇದ್ದರೂ ಇಲ್ಲದಿದ್ದರೂ ಆಕೆಯದು ಒಂದೇ ಮಾತು: "ಇವತ್ತು ಕೈ ಬಂದಿಲ್ಲ, ಪೊರಕೆ ಅಲ್ಲಿದೆ." ಅವನಿಗೆ ಇದು ವಿಚಿತ್ರವಾಗಿ ಕಂಡಿರಬೇಕು. ಕುಡಿದದ್ದಕ್ಕೆ ಬೈದವರಿದ್ದರು, ಅತ್ತವರಿದ್ದರು, ಆಣೆ ಹಾಕಿಸಿದವರಿದ್ದರು. ಕಡ್ಡಿಯ ತುದಿ ತೋರಿಸಿ ಸುಮ್ಮನಾದವರು ಯಾರೂ ಇರಲಿಲ್ಲ. ಎರಡನೇ ತಿಂಗಳಲ್ಲಿ ಸೊನ್ನೆ ಸಣ್ಣದಾಯಿತು. ಮೂರನೆಯದರಲ್ಲಿ, ಒಂದು ಗುರುವಾರ, ನೂರು ಎಣಿಸುವವರೆಗೂ ತುದಿ ಗೋಡೆಗೆ ಮೊಳೆ ಹೊಡೆದಂತೆ ನಿಂತಿತು. ಸೋಮವಾರ ಮಾತ್ರ ಅವನ ಕೈ ಬರುತ್ತಲೇ ಇರಲಿಲ್ಲ. ಹಿಂದಿನ ದಿನ ಫೋನ್ ಹೊಡೆದುಕೊಂಡಿರುತ್ತದೆ ಎಂದು ಗಾಜಕ್ಕ ತಿಳಿದುಕೊಂಡಿದ್ದಳು.

ಉಳಿದ ದಿನಗಳಲ್ಲಿ ಆ ಕೈ! ಆಕೆ ಹನ್ನೊಂದು ವರ್ಷದಲ್ಲಿ ಕಲಿತದ್ದನ್ನು ಇವನು ಹನ್ನೊಂದು ತಿಂಗಳಲ್ಲಿ ಮುಟ್ಟಿದ ಎಂದರೆ ಉತ್ಪ್ರೇಕ್ಷೆಯಾದೀತು, ಆದರೆ ಆಕೆಗೆ ಹಾಗೆ ಅನ್ನಿಸಿದ್ದಂತೂ ನಿಜ. ಗಾಜು ಕುಸಿಯುವ ಮೊದಲೇ ಅವನ ಬೆರಳಿಗೆ ಅದು ತಿಳಿಯುತ್ತಿತ್ತು. ಯೋಚಿಸಿ ಮಾಡುವವರಿಗೆ ತಡವಾಗುವ ಕಡೆ ಇವನು ತಡಮಾಡುತ್ತಿರಲಿಲ್ಲ. ಒಡೆದ ಕಂಬದ ಬದಲಿಗೆ ಹೊಸ ಕಂಬ ಎದ್ದು ನಿಂತಿತು. ಅರ್ಧ ಮುಳ್ಳು ಅವನವು, ಅರ್ಧ ಆಕೆಯವು, ಯಾವುದು ಯಾರದೆಂದು ಸ್ವತಃ ಗಾಜಕ್ಕನಿಗೇ ಹೇಳಲಾಗಲಿಲ್ಲ. ಇದನ್ನು ಅವನಿಗೆ ಹೇಳಿದರೆ ತಲೆಗೇರೀತೆಂದು ಹೇಳಲಿಲ್ಲ.

ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಮುಖ್ಯಸ್ಥರೇ ಓಡಿಬಂದರು, ಹಿಂದೆ ಸಂಶೋಧನೆ ಮಾಡುವ ಹುಡುಗಿ ಅಳುತ್ತಾ. ಹದಿನಾಲ್ಕು ತಿಂಗಳು ಕೂತು ಆಕೆ ತಯಾರಿಸಿದ ವಸ್ತು ಒಂದು ಚಿಕ್ಕ ಬುರುಡೆಯಲ್ಲಿತ್ತು. ಗಾಳಿ ಸೋಕಿದರೆ ಕೆಡುವಂಥದು. ಅದಕ್ಕೇ ಗಾಳಿ ಹೀರುವ ಪಂಪಿಗೆ ಜೋಡಿಸಿಟ್ಟಿದ್ದರು, ಪಂಪಿನ ಸಮೇತ ಗಾಡಿಯ ಮೇಲೆ ಈ ಕೋಣೆಗೆ ತಳ್ಳಿಕೊಂಡು ತಂದಿದ್ದರು. ಈಗ ಬುರುಡೆಯ ಕುತ್ತಿಗೆಯ ಮೇಲ್ಭಾಗದಲ್ಲಿ ಕೂದಲೆಳೆಯ ಬಿರುಕು ಬಿಟ್ಟಿದೆ. ಬಿರುಕಿನ ಕೆಳಗೆ ಕುತ್ತಿಗೆಯನ್ನು ಕಾಯಿಸಿ, ಮುಚ್ಚಿ, ಎಳೆದು ಬೇರ್ಪಡಿಸಬೇಕು. ಒಬ್ಬರು ಕೈಯಲ್ಲಿ ಹಿಡಿಯುವ ಸಣ್ಣ ಅನಿಲದ ಒಲೆಯಾದ ಕೈದೀಪದ ಜ್ವಾಲೆಯನ್ನು ಸುತ್ತ ಆಡಿಸಬೇಕು, ಇನ್ನೊಬ್ಬರು ಬುರುಡೆಯನ್ನು ಹಿಡಿದು ಸರಿಯಾದ ಕ್ಷಣಕ್ಕೆ ಮೆಲ್ಲಗೆ ಕೆಳಗೆ ಎಳೆಯಬೇಕು. ಕಬ್ಬಿಣದ ಹಿಡಿಕೆ ಹಿಡಿಯಬಲ್ಲದು, ಎಳೆಯಲಾರದು. ಎಳೆಯುವ ಕೈ ಒಂದು ಕೂದಲಷ್ಟು ನಡುಗಿದರೂ ಗಾಜು ತೂತಾಗಿ ಗಾಳಿ ಒಳಗೆ ನುಗ್ಗುತ್ತದೆ.

"ಬೇಗ, ಬೇಗ" ಎಂದು ಮುಖ್ಯಸ್ಥರು ಕೈ ಹೊಸಕಿಕೊಂಡರು. ಗಾಜಕ್ಕ ಕನ್ನಡಕ ಏರಿಸಿ, ಕೈದೀಪ ಹೊತ್ತಿಸಿ, "ಬಾರೋ, ಕೆಳಗೆ ಹಿಡಿ" ಎಂದಳು. ಮೂವತ್ತು ಚಿಲ್ಲರೆ ವರ್ಷದಲ್ಲಿ ಮೊದಲ ಸಲ, ಆ ಗಡಿಬಿಡಿಯಲ್ಲಿ, ಆಕೆ ಕಡ್ಡಿಯನ್ನು ಮರೆತಿದ್ದಳು. ಸೋಮವಾರ ಎಂಬುದನ್ನೂ ಮರೆತಿದ್ದಳು.

ಹುಡುಗ ಬುರುಡೆಯತ್ತ ಕೈ ಚಾಚಿದ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

"ಅಕ್ಕಾ, ನನ್ನ ಕೈ ಬಂದಿಲ್ಲ."

"ಏನಂತೆ?" ಎಂದರು ಮುಖ್ಯಸ್ಥರು.

ಅವನು ಏನು ಬೇಕಾದರೂ ಹೇಳಬಹುದಿತ್ತು. ಜ್ವರ, ಹೊಟ್ಟೆನೋವು, ಕಣ್ಣಿಗೆ ಕತ್ತಲೆ. ಏನೂ ಹೇಳದೆ ಬುರುಡೆಯನ್ನು ಹಿಡಿದೇ ಬಿಡಬಹುದಿತ್ತು; ಹಳೆಯ ದಿಢೀರ್ ಹಿಡಿದುಬಿಡುತ್ತಿದ್ದ.

"ನಿನ್ನೆ ಕುಡಿದಿದ್ದೆ ಸರ್. ಕೈ ನಡುಗುತ್ತೆ."

ಗಾಜಕ್ಕ ಕೈದೀಪ ಆರಿಸಿದಳು. ಆಕೆಗೆ ಕಣ್ಣು ತುಂಬಿ ಬಂದಿತ್ತು, ಕನ್ನಡಕದ ದಯೆಯಿಂದ ಯಾರಿಗೂ ಕಾಣಲಿಲ್ಲ. ಎಂಥೆಂಥ ಅಪರೂಪದ ಕೆಲಸಗಳನ್ನು ಈ ಕೋಣೆ ನೋಡಿತ್ತು! ಚಾಚಿದ ಕೈಯನ್ನು ಹೀಗೆ ಹಿಂದಕ್ಕೆ ತೆಗೆದುಕೊಳ್ಳುವುದನ್ನು ಆಕೆ ನೋಡಿರಲಿಲ್ಲ.

ಮುಖ್ಯಸ್ಥರು ಕೆಂಡವಾದರು. "ಇವನ ಅಮ್ಮನಿಗೆ ಈಗಲೇ ಫೋನ್ ಮಾಡ್ತೀನಿ. ನಾಳೆ ಬಂದು ಸಹಿ ಹಾಕಿ ಕರ್ಕೊಂಡು ಹೋಗ್ಲಿ! ಬುರುಡೆ ನಾನೇ ಹಿಡಿತೀನಿ, ಹಚ್ಚಿ ದೀಪ."

ಗಾಜಕ್ಕ ಅವರ ಕೈಗೆ ಕಡ್ಡಿ ಕೊಟ್ಟಳು. ಸಿಟ್ಟಿಗೆ ಅದರ ತುದಿ ಕುಂಬಳಕಾಯಿಯಷ್ಟು ಸೊನ್ನೆ ಬರೆಯಿತು. ಸಂಶೋಧನೆಯ ಹುಡುಗಿಗೆ ಕೊಟ್ಟಳು; ಭಯಕ್ಕೆ ಅವಳ ಕೈಯಿಂದ ಕಡ್ಡಿಯೇ ಬಿತ್ತು. ಕೊನೆಗೆ ತಾನೇ ಹಿಡಿದಳು. ಆಕೆಯ ಕೈಯೂ ಬಂದಿರಲಿಲ್ಲ.

"ಇವತ್ತು ಯಾರ ಕೈಯೂ ಇಲ್ಲ ಸರ್" ಎಂದಳು. ಬಿರುಕಿನ ಮೇಲೆ ಅಂಟುಮೇಣ ಸವರಿ, "ನಾಳೆವರೆಗೆ ತಡೆಯಬಹುದು, ತಡೀದೇನೂ ಇರಬಹುದು" ಎಂದು ಪಂಪನ್ನು ಓಡಲು ಬಿಟ್ಟಳು.

ಮೇಣ ತಡೆಯಿತು. ಮರುದಿನ ಬೆಳಿಗ್ಗೆ ಗಾಜಕ್ಕ ಬರುವಷ್ಟರಲ್ಲಿ ತಗಡಿನ ಬಾಗಿಲ ಮುಂದೆ ಒಬ್ಬ ಹೆಂಗಸು ನಿಂತಿದ್ದಳು. ಸೆರಗನ್ನು ಮುಖದ ಎಡಭಾಗಕ್ಕೆ ಎಳೆದುಕೊಂಡಿದ್ದಳು. ಚೀಲ ಹಿಡಿದ ಕೈಯ ಮೂರು ಬೆರಳು ಒಂದಕ್ಕೊಂದು ಕೂಡಿಕೊಂಡಿದ್ದವು. ಯಾರೆಂದು ಕೇಳಬೇಕಿರಲಿಲ್ಲ.

"ಕಾಗದ ಆಫೀಸಲ್ಲಿದೆಯಂತೆ. ಅದಕ್ಕೆ ಮೊದಲು ಅವನು ಏನು ಮಾಡ್ತಾನೆ ಅಂತ ಒಂದ್ಸಲ ನೋಡ್ತೀನಿ" ಎಂದಳು.

"ಒಳಗೆ ಬೆಂಕಿ ಇರುತ್ತಮ್ಮಾ."

"ಇರ್ಲಿ ಬಿಡಿ. ನನಗೂ ಅದಕ್ಕೂ ಹಳೇ ಪರಿಚಯ."

ಹುಡುಗ ಬಂದ. ಅಮ್ಮನನ್ನು ನೋಡಿದ. ಓಡಿಹೋಗುತ್ತಾನೆ ಎಂದೇ ಗಾಜಕ್ಕ ಅಂದುಕೊಂಡಳು. ಅವನು ಕಡ್ಡಿ ಕೇಳಿದ. ನೂರು ಎಣಿಸಿದ. ಮುಖ್ಯಸ್ಥರೂ ನಿಂತು ನೋಡುತ್ತಿದ್ದರು, ಬೇಡ ಎನ್ನಲು ಬಾಯಿ ತೆರೆದು, ನಿಂತ ತುದಿಯನ್ನು ನೋಡಿ ಬುರುಡೆಯತ್ತ ಕೈ ತೋರಿಸಿದರು.

ಗಾಜಕ್ಕನೂ ಎಣಿಸಿ, ದೀಪ ಹಚ್ಚಿದಳು. ಜ್ವಾಲೆ ಕುತ್ತಿಗೆಯ ಸುತ್ತ ಆಡಿತು. ಗಾಜು ಕೆಂಪೇರಿತು, ಮೆತ್ತಗಾಯಿತು, ಒಳಗೊಳಗೇ ಕುಗ್ಗಿ ಮುಚ್ಚಿಕೊಂಡಿತು. "ಈಗ" ಎಂದು ಆಕೆ ಹೇಳುವ ಮೊದಲೇ ಹುಡುಗನ ಕೈ ಇಳಿಯತೊಡಗಿತ್ತು, ನಿಧಾನ, ಎಷ್ಟು ನಿಧಾನವೆಂದರೆ ಇಳಿಯುತ್ತಿದೆ ಎಂದು ಕಣ್ಣಿಗೆ ಕಾಣದಷ್ಟು. ಕುತ್ತಿಗೆ ದಾರವಾಯಿತು, ದಾರ ಎಳೆಯಾಯಿತು, ಎಳೆ ಕಡಿಯಿತು. ಹದಿನಾಲ್ಕು ತಿಂಗಳು ಅವನ ಅಂಗೈಯಲ್ಲಿ ಸುರಕ್ಷಿತವಾಗಿ ಕೂತಿತ್ತು. ಸಂಶೋಧನೆಯ ಹುಡುಗಿ ನೆಲದ ಮೇಲೆ ಕುಸಿದು ಕೂತು ನಗತೊಡಗಿದಳು. ಇಷ್ಟು ಹೊತ್ತೂ ಆ ತಾಯಿ ಜ್ವಾಲೆಯಿಂದ ಮೂರಡಿ ದೂರದಲ್ಲಿ, ಒಂದು ಹೆಜ್ಜೆ ಹಿಂದೆ ಸರಿಯದೆ ನಿಂತಿದ್ದಳು.

ಮುಖ್ಯಸ್ಥರು ಕೆಮ್ಮಿದರು. "ಹೆಸರು ತೆಗೆಯೋದಿಲ್ಲ" ಎಂದರು. "ಆದರೆ ಬರೆದಿದ್ದು ಬರೆದಿದ್ದೇ, ಸುಮ್ಮನೆ ಬಿಡೋಕಾಗಲ್ಲ. ಆರು ತಿಂಗಳು ಮನೆಯಲ್ಲಿರಲಿ. ಡಾಕ್ಟರಿಗೆ ತೋರಿಸಿ. ಆಮೇಲೆ ಬರಲಿ." ಆ ಆರು ತಿಂಗಳಲ್ಲಿ ಅವನು ಕುಡಿಯಲೇ ಇಲ್ಲ ಎಂದರೆ ಸುಳ್ಳಾಗುತ್ತದೆ, ಎರಡು ಸಲ ಜಾರಿದ, ಎರಡು ಸಲವೂ ತಾನೇ ಹೋಗಿ ಡಾಕ್ಟರಿಗೆ ಹೇಳಿದ. ಅದೆಲ್ಲ ಆಮೇಲಿನ ಮಾತು.

ಮುಖ್ಯಸ್ಥರೂ ಸಂಶೋಧನೆಯ ಹುಡುಗಿಯೂ ಬುರುಡೆಯೊಂದಿಗೆ ಹೊರಟ ಮೇಲೆ ಕೋಣೆಯಲ್ಲಿ ಮೂವರೇ ಉಳಿದರು. ತಾಯಿ ಗಾಜಕ್ಕನ ಕಡೆ ತಿರುಗಿ, ಹೆಮ್ಮೆಯಿಂದಲೇ ಹೇಳಿದಳು: "ಇವನ ಕೈ ಚಿಕ್ಕಂದಿನಿಂದಲೂ ಹೀಗೇ. ಆ ಕೈ ಇಲ್ಲದಿದ್ರೆ ಇವತ್ತು ನಾನೆಲ್ಲಿರ್ತಿದ್ದೆ?"

"ಅಮ್ಮಾ, ಚುಚ್ಚಬೇಡ" ಎಂದ ಹುಡುಗ.

"ಚುಚ್ಚೋದೇನು ಬಂತು?" ತಾಯಿ ಅವನ ಮುಖವನ್ನೇ ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಸೆರಗು ಕೈಯಿಂದ ಜಾರಿತು. "ಅವತ್ತಿಂದು ನಿಂಗೆ ಏನೇನು ನೆನಪಿದೆಯೋ?"

"ನೀರು."

"ಆಮೇಲೆ?"

"ಆಮೇಲೆ ಏನೂ ಇಲ್ಲ."

ತಾಯಿ ಪಕ್ಕದ ಸ್ಟೂಲನ್ನು ತಡಕಾಡಿ ಕೂತಳು. "ಅಯ್ಯೋ ನನ್ನ ಕಂದಾ! ಏಳು ವರ್ಷ ಅಷ್ಟನ್ನೇ ಇಟ್ಕೊಂಡಿದ್ದೀಯಾ? ಆ ಮಾತು ಎತ್ತಿದಾಗೆಲ್ಲ ನೀನು ಎದ್ದು ಹೋಗ್ತಿದ್ದೆ. ನನ್ನ ಮುಖ ನೋಡೋಕಾಗದೆ ದೂರ ಇದ್ದೀಯ ಅಂದ್ಕೊಂಡಿದ್ನಲ್ಲೋ ನಾನು! ನೀರು ಹಾಕಿದ ಕೈಯಲ್ಲೇ ನೀನು ಮಂಚದ ಮೇಲಿನ ಕಂಬಳಿ ಎಳ್ಕೊಂಡು ಓಡಿ ಬಂದೆ. ನಾನು 'ದೂರ ಹೋಗೋ' ಅಂತ ಕಿರುಚ್ತಿದ್ದೀನಿ, ನೀನು ಕಂಬಳಿ ಸಮೇತ ನನ್ನ ಮೇಲೆ ಬಿದ್ದೆ. ಅಕ್ಕಪಕ್ಕದವರು ಬರೋ ಹೊತ್ತಿಗೆ ಬೆಂಕಿ ಆರಿತ್ತು. ನೀನು ಮಾತ್ರ ಬಿಟ್ಟಿರಲಿಲ್ಲ. ನನ್ನಿಂದ ನಿನ್ನ ಬಿಡಿಸೋಕೆ ಇಬ್ಬರು ಗಂಡಸರು ಬೇಕಾಯ್ತು."

ಹುಡುಗ ಅಳಲಿಲ್ಲ. ಅರ್ಥವಾಗದ ಭಾಷೆಯಲ್ಲಿ ಯಾರೋ ಮಾತಾಡಿದಂತೆ ತಾಯಿಯ ಬಾಯನ್ನೇ ನೋಡುತ್ತಿದ್ದ. ಗಾಜಕ್ಕ ಎದ್ದು ಹೋಗಿ ಪಂಪು ನಿಲ್ಲಿಸಿದಳು. ನಿನ್ನೆಯಿಂದ ಗೊರಗುಟ್ಟುತ್ತಿದ್ದ ಸದ್ದು ನಿಂತಿತು.

"ಇನ್ನೊಂದ್ಸಲ ಹೇಳಮ್ಮಾ" ಎಂದ ಅವನು, ನೆಲದ ಮೇಲೆ ಅವಳ ಕಾಲ ಬಳಿ ಕೂರುತ್ತಾ. "ನಿಧಾನವಾಗಿ ಹೇಳು."

ತಾಯಿ ಮೊದಲಿನಿಂದ ಹೇಳತೊಡಗಿದಳು.